ಕಾಲ್ಚೆಂಡಾಟದ ಲಿಲಿ ಪಾರ್

ಸ್ತ್ರೀಯರ ಕಾಲ್ಚೆಂಡಾಟದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1991ನೆಯ ಇಸವಿಯಿಂದ ಪ್ರಾರಂಭಿಸುತ್ತಾರೆ. ಆ ವರ್ಷ ಚೀನಾ ದೇಶದಲ್ಲಿ 12 ರಾಷ್ಟ್ರಗಳ ತಂಡಗಳು ನೆರೆದುವು. ಅಮೆರಿಕದ ವನಿತೆಯರು ಅಂತಿಮ ಪಂದ್ಯದಲ್ಲಿ ನಾರ್ವೆಯನ್ನು 2-1 ಗೋಲುಗಳಿಂದ ಸೋಲಿಸಿ ವಿಶ್ವವಿಜೇತರೆನಿಸಿದರು. ಅಲ್ಲಿಂದ ಮುಂದೆ ನಾಲ್ಕು ವರ್ಷಗಳಿಗೊಮ್ಮೆ ಈ ಉತ್ಸವ ತಪ್ಪದೆ ನಡೆದುಬಂದಿದೆ. 2023ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ನಡೆದಾಗ 32 ರಾಷ್ಟ್ರಗಳು ಬಂದಿದ್ದುವು. ಸ್ಪೇನ್ ದೇಶದವರು ಇಂಗ್ಲೆಂಡನ್ನು ಒಂದೇ ಒಂದು ಗೋಲಿನಿಂದ ಸೋಲಿಸಿದರು. ಇಷ್ಟನ್ನು ನಮ್ಮ ಕಾಲೇಜಿನ ಕ್ರೀಡಾಪ್ರಿಯರೆಲ್ಲರೂ ಬಲ್ಲರು.

ಆದರೆ ಇದು ಕಡತದ ಲೆಕ್ಕ. 1991ಕ್ಕೆ 71 ವರ್ಷ ಹಿಂದೆಯೇ, ಇಂಗ್ಲೆಂಡಿನ ಒಂದು ಕಾರ್ಖಾನೆಯ ಹೆಣ್ಣುಮಕ್ಕಳು ಆಡುವುದನ್ನು ನೋಡಲು ಒಂದೇ ಮಧ್ಯಾಹ್ನ 53,000 ಜನ ಟಿಕೆಟ್ಟು ಕೊಂಡು ಒಳಗೆ ಬಂದಿದ್ದರು. ಒಳಗೆ ಸ್ಥಳವಿಲ್ಲದೆ ಇನ್ನೂ ಸಾವಿರಾರು ಮಂದಿ ಬಾಗಿಲ ಹೊರಗೆ ನಿಂತಿದ್ದರು. ಹೀಗೆ ಬೆಳೆದಿದ್ದ ಆಟ ಮುಂದಿನ ಎಪ್ಪತ್ತು ವರ್ಷ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ನನಗೆ ದೊರೆತವಳೇ ಲಿಲಿ ಪಾರ್. ಅರಸರ, ಮಂತ್ರಿಗಳ, ಕವಿಗಳ ಜೀವನಚರಿತ್ರೆಗಳು ನಮ್ಮ ವಾಚನಾಲಯದ ಬೀರುಗಳಲ್ಲಿ ಸಾಲುಗಟ್ಟಿವೆ. ಗಾಜಿನ ಕಾರ್ಖಾನೆಯ ಕೂಲಿಯವನೊಬ್ಬನ ಮಗಳ ಕಥೆಗೂ ಅಲ್ಲಿ ಒಂದು ಗೇಣು ಸ್ಥಳ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಲಿಲಿ ಪಾರ್ ಜನಿಸಿದ್ದು 1905ನೆಯ ಏಪ್ರಿಲ್ 26ರಂದು, ಲ್ಯಾಂಕಷೈರ್ ಪ್ರಾಂತದ ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ. ಗಾಜು ಮತ್ತು ಕಲ್ಲಿದ್ದಲು, ಇವೆರಡೇ ಆ ಊರಿನ ಅನ್ನ. ತಂದೆ ಜಾರ್ಜ್ ಗಾಜಿನ ಕಾರ್ಖಾನೆಯಲ್ಲಿ ಕೂಲಿಯಾಳು, ತಾಯಿ ಸಾರಾ. ಏಳು ಮಕ್ಕಳ ಸಂಸಾರದಲ್ಲಿ ಲಿಲಿ ನಾಲ್ಕನೆಯವಳು. ಹೊಲಿಗೆ ಹೆಣಿಗೆಗಳು ಆಕೆಗೆ ಹಿಡಿಸಲಿಲ್ಲ. ಮನೆಯ ಹತ್ತಿರದ ಬಯಲಿನಲ್ಲಿ ಅಣ್ಣತಮ್ಮಂದಿರೊಡನೆ ಕಾಲ್ಚೆಂಡು ಒದೆಯುವುದು, ರಗ್ಬಿಯಾಡುವುದು, ಮೊಣಕಾಲು ತರಚಿಕೊಂಡು ಮನೆಗೆ ಬರುವುದು, ಇದೇ ಆಕೆಯ ಬಾಲ್ಯ. ಹುಡುಗರೊಡನೆ ಆಡುವವರಿಗೆ ಹುಡುಗರಂತೆಯೇ ಒದೆಯುವುದೂ ಬರಬೇಕಷ್ಟೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬಂತೆ, ಹದಿಮೂರು ಹದಿನಾಲ್ಕರ ಹೊತ್ತಿಗೆ ಈ ಹುಡುಗಿಯ ಎಡಗಾಲಿನ ಹೊಡೆತ ಊರಿನಲ್ಲಿ ಮಾತಾಯಿತು. ಎತ್ತರವೂ ಬಂತು; ಪ್ರಾಯಕ್ಕೆ ಬಂದಾಗ ಸುಮಾರು ಆರಡಿಯ ಆಳು.

ಇಲ್ಲಿ ಸ್ವಲ್ಪ ನಿಂತು ಕಾಲದ ಸ್ಥಿತಿಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಹೆಂಗಸರು ಕಾಲ್ಚೆಂಡು ಆಡಿದ್ದು ಅದೇ ಮೊದಲಲ್ಲ. 1895ರಲ್ಲಿಯೇ ಲಂಡನ್ನಿನಲ್ಲಿ ನೆಟ್ಟಿ ಹನಿಬಾಲ್ ಎಂಬಾಕೆಯ ತಂಡ ಸಾರ್ವಜನಿಕವಾಗಿ ಆಡಿ, ಪತ್ರಿಕೆಗಳ ನಗೆಗೆ ಗುರಿಯಾಗಿತ್ತು. ಆದರೆ ಆಟಕ್ಕೆ ನಿಜವಾದ ಜೀವ ಬಂದದ್ದು ಪ್ರಥಮ ಮಹಾಯುದ್ಧದಲ್ಲಿ. ಗಂಡಸರು ಫ್ರಾನ್ಸಿನ ಕಂದಕಗಳಿಗೆ ಹೋದರು. ಅವರ ಜಾಗದಲ್ಲಿ ಹೆಂಗಸರು ಬಂದು ಸಿಡಿಗುಂಡುಗಳನ್ನು ತಯಾರಿಸಿದರು. ಪ್ರೆಸ್ಟನ್ ನಗರದ ಡಿಕ್ ಕೆರ್ ಕಂಪೆನಿ ಮೊದಲು ಟ್ರಾಮು ಗಾಡಿಗಳನ್ನೂ ರೈಲ್ವೆ ಸಾಮಗ್ರಿಯನ್ನೂ ಮಾಡುತ್ತಿದ್ದ ಕಾರ್ಖಾನೆ. ಯುದ್ಧ ಬಂದೊಡನೆ ಮದ್ದುಗುಂಡುಗಳ ಕಾರ್ಖಾನೆಯಾಯಿತು. ಊಟದ ಬಿಡುವಿನಲ್ಲಿ ಅಲ್ಲಿಯ ಹೆಣ್ಣಾಳುಗಳು ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. ಗ್ರೇಸ್ ಸಿಬರ್ಟ್ ಎಂಬ ಕೆಲಸಗಾರ್ತಿ ಮುಂದೆ ಬಂದಳು. ಕಚೇರಿಯ ಆಲ್ಫ್ರೆಡ್ ಫ್ರಾಂಕ್ಲೆಂಡ್ ವ್ಯವಸ್ಥೆಗೆ ನಿಂತನು. 1917ರ ಕ್ರಿಸ್ಮಸ್ ದಿನ ಡೀಪ್‌ಡೇಲ್ ಮೈದಾನದಲ್ಲಿ ಮೊದಲ ಪಂದ್ಯ. 10,000 ಜನ ಬಂದರು. ಗಾಯಗೊಂಡ ಸೈನಿಕರ ಆಸ್ಪತ್ರೆಗೆ 200 ಪೌಂಡು ಕೂಡಿತು. ಗೆಲುವು 4-0.

ಯುದ್ಧ ಮುಗಿಯಿತು. ಗಂಡಸರು ಮರಳಿ ಬಂದರು. ಹೆಂಗಸರನ್ನು ಕಾರ್ಖಾನೆಗಳಿಂದ ಮನೆಗೆ ಕಳುಹಿಸಿದರು. ಆದರೆ ಡಿಕ್ ಕೆರ್ ತಂಡ ಮಾತ್ರ ನಿಲ್ಲಲಿಲ್ಲ. ಗಾಯಾಳುಗಳಿದ್ದರು, ವಿಧವೆಯರಿದ್ದರು, ಕೆಲಸವಿಲ್ಲದ ಮಾಜಿ ಸೈನಿಕರಿದ್ದರು. ಇವರಿಗೆಲ್ಲ ಹಣ ಬೇಕಾಗಿತ್ತು. ಫ್ರಾಂಕ್ಲೆಂಡನಿಗೆ ಆಟಗಾರ್ತಿಯರನ್ನು ಗುರುತಿಸುವ ಕಣ್ಣಿತ್ತು. ಸೇಂಟ್ ಹೆಲೆನ್ಸಿನ ತಂಡದಲ್ಲಿ ಆಡುತ್ತಿದ್ದ ಈ ಉದ್ದನೆಯ ಹುಡುಗಿಯನ್ನು ಕಂಡು, ಪ್ರೆಸ್ಟನ್ನಿಗೆ ಬಂದರೆ ಕಾರ್ಖಾನೆಯಲ್ಲಿ ಕೆಲಸವನ್ನೂ ಒಂದು ಮನೆಯಲ್ಲಿ ವಸತಿಯನ್ನೂ ಕೊಡಿಸುವುದಾಗಿ ಕರೆದನು. ಲಿಲಿ ಹೊರಟಳು. ಪ್ರತಿ ಪಂದ್ಯಕ್ಕೆ ಖರ್ಚಿಗೆಂದು ಹತ್ತು ಷಿಲ್ಲಿಂಗು. ಅದರ ಜೊತೆಗೆ ಆಕೆ ವುಡ್‌ಬೈನ್ ಸಿಗರೇಟುಗಳನ್ನೂ ಕೇಳಿ ಪಡೆಯುತ್ತಿದ್ದಳೆಂಬ ಕಥೆಯಿದೆ. ಸಿಗರೇಟಿನ ಗೀಳು ಆಕೆಗೆ ಇದ್ದದ್ದು ನಿಜ. ನಮ್ಮ ದೇಹಶಿಕ್ಷಣದ ಅಧ್ಯಾಪಕರು ಈ ಒಂದು ವಾಕ್ಯವನ್ನು ಓದದೆ ಬಿಟ್ಟುಬಿಡುವರೆಂದು ನಂಬಿದ್ದೇನೆ.

1920ನೆಯ ವರ್ಷವನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆ ವಸಂತದಲ್ಲಿ ಫ್ರಾನ್ಸಿನಿಂದ ಒಂದು ವನಿತಾ ತಂಡ ಬಂದಿತು. ಕರೆತಂದವರು ಶ್ರೀಮತಿ ಆಲಿಸ್ ಮಿಲ್ಯಾ. ಒಲಿಂಪಿಕ್ ಕ್ರೀಡೆಗಳಲ್ಲಿ ಹೆಂಗಸರಿಗೆ ಓಟದ ಸ್ಪರ್ಧೆಗಳಿಲ್ಲವೆಂದು ಸಿಟ್ಟಾಗಿ, 1922ರಲ್ಲಿ ಪ್ಯಾರಿಸಿನಲ್ಲಿ ಹೆಂಗಸರಿಗೇ ಪ್ರತ್ಯೇಕವಾದ ವಿಶ್ವಕ್ರೀಡೆಗಳನ್ನು ನಡೆಸಿದ ಧೀರೆ ಈಕೆಯೇ. (ಅವರ ಜೀವನವೂ ಬರೆಯತಕ್ಕದ್ದೇ, ಇನ್ನೊಬ್ಬ ಸಹಪಾಠಿ ಮನಸ್ಸು ಮಾಡಲಿ.) ಪ್ರೆಸ್ಟನ್ನಿನಲ್ಲಿ 25,000 ಪ್ರೇಕ್ಷಕರ ಮುಂದೆ ಡಿಕ್ ಕೆರ್ ತಂಡ 2-0ಯಿಂದ ಗೆದ್ದಿತು, ಸ್ಟಾಕ್‌ಪೋರ್ಟಿನಲ್ಲಿ ಮತ್ತೆ ಗೆಲುವು, ಮ್ಯಾಂಚೆಸ್ಟರಿನಲ್ಲಿ ಸಮ, ಕೊನೆಗೆ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ ಫ್ರೆಂಚರು 2-1ರಿಂದ ಗೆದ್ದು ಮಾನ ಉಳಿಸಿಕೊಂಡರು. ಅದೇ ಶರತ್ಕಾಲದಲ್ಲಿ ಇಂಗ್ಲಿಷ್ ತಂಡ ಮರುಭೇಟಿಗೆಂದು ಫ್ರಾನ್ಸಿಗೆ ಹೋಗಿ ಪ್ಯಾರಿಸ್, ರೂಬೆ, ಲೆ ಹಾವ್ರ್, ರೂಆಂಗಳಲ್ಲಿ ಆಡಿತು. ಪ್ಯಾರಿಸಿನಲ್ಲಿ 22,000 ಜನ ಸೇರಿದ್ದರು. ಆಟ 1-1ರ ಸಮದಲ್ಲಿರುವಾಗಲೇ ಜನ ಮೈದಾನಕ್ಕೆ ನುಗ್ಗಿ ಪಂದ್ಯವೇ ನಿಂತುಹೋಯಿತು. ಎರಡು ರಾಷ್ಟ್ರಗಳ ನಡುವೆ ಪಂದ್ಯಗಳ ಸರಣಿ, ಮರುಸರಣಿ, ಜನಸಮುದಾಯ, ಬಾವುಟ ಎಲ್ಲವೂ ಬಂದುವು. ಇನ್ನೆರಡು ರಾಷ್ಟ್ರಗಳು ಸೇರಿದ್ದರೆ ಅದೇ ಒಂದು ಅಂತರರಾಷ್ಟ್ರೀಯ ಚಾಂಪಿಯನ್ ಪಂದ್ಯಾವಳಿಯಾಗುತ್ತಿತ್ತು. ಇಷ್ಟು ಸಮೀಪಕ್ಕೆ ಬಂದಿದ್ದ ವಸ್ತು ಎಷ್ಟು ದೂರ ಹೋಯಿತೆಂಬುದೇ ನನ್ನನ್ನು ಕಾಡುವ ವಿಷಯ.

ಅದೇ ಡಿಸೆಂಬರ್ 16ರ ರಾತ್ರಿ ಡೀಪ್‌ಡೇಲಿನಲ್ಲಿ ದೀಪದ ಬೆಳಕಿನಲ್ಲಿ ಪಂದ್ಯ ನಡೆಯಿತು. ವಿಮಾನಗಳನ್ನು ಹುಡುಕಲು ಉಪಯೋಗಿಸುತ್ತಿದ್ದ ಶೋಧದೀಪಗಳನ್ನು ಯುದ್ಧ ಇಲಾಖೆಯೇ ಕೊಟ್ಟಿತ್ತು. ಆಗ ಆ ಇಲಾಖೆಯ ಮಂತ್ರಿ ವಿನ್ಸ್ಟನ್ ಚರ್ಚಿಲ್. ಕತ್ತಲಿನಲ್ಲಿ ಕಾಣಲೆಂದು ಚೆಂಡಿಗೆ ಸುಣ್ಣ ಬಳಿದಿದ್ದರು. 12,000 ಜನ ಚಳಿಯಲ್ಲಿ ನಿಂತು ನೋಡಿದರು. ಕೆಲಸವಿಲ್ಲದ ಮಾಜಿ ಸೈನಿಕರಿಗೆ ಸುಮಾರು 600 ಪೌಂಡು ಒದಗಿತು.

ಹತ್ತು ದಿನಗಳ ಅನಂತರ, ಕ್ರಿಸ್ಮಸ್ಸಿನ ಮರುದಿನ, ಲಿವರ್‌ಪೂಲಿನ ಗುಡಿಸನ್ ಪಾರ್ಕ್. ಎದುರಾಳಿಗಳು ಲಿಲಿಯ ತವರೂರಿನ ಸೇಂಟ್ ಹೆಲೆನ್ಸ್ ವನಿತೆಯರೇ. ನಾನು ಮೊದಲಲ್ಲಿ ಹೇಳಿದ 53,000 ಜನ ಸೇರಿದ್ದು ಈ ಪಂದ್ಯಕ್ಕೆ. ಆಟಗಾರ್ತಿಯರು ಉಡುಪಿನ ಕೊಠಡಿಗೆ ಹೋಗಲು ಪೋಲೀಸರು ದಾರಿ ಬಿಡಿಸಬೇಕಾಯಿತು. ಡಿಕ್ ಕೆರ್ ತಂಡದ ಮುಖ್ಯ ಮುಂಚೂಣಿ ಆಟಗಾರ್ತಿ ಫ್ಲಾರಿ ರೆಡ್‌ಫರ್ಡ್ ರೈಲು ತಪ್ಪಿಸಿಕೊಂಡು ಬರಲೇ ಇಲ್ಲ. ಮೊದಲರ್ಧದಲ್ಲಿ ಜೆನ್ನಿ ಹ್ಯಾರಿಸ್ ಒಂದು ಗೋಲು ಮಾಡಿದಳು. ಇಷ್ಟು ಜನಕ್ಕೆ ಒಂದೇ ಗೋಲು ಸಾಲದೆಂದು ತೋರಿತೋ ಏನೋ, ರಕ್ಷಣೆಯಲ್ಲಿ ಆಡುತ್ತಿದ್ದ ನಾಯಕಿ ಆಲಿಸ್ ಕೆಲ್ ದ್ವಿತೀಯಾರ್ಧದಲ್ಲಿ ತಾನೇ ಮುಂದಕ್ಕೆ ಬಂದು ಮೂರು ಗೋಲುಗಳನ್ನು ಹೊಡೆದಳು. ಧರ್ಮಕಾರ್ಯಕ್ಕೆ ಕೂಡಿದ ಹಣ 3,115 ಪೌಂಡು. ಲಿಲಿಗೆ ಆಗ ಹದಿನೈದು ವರ್ಷ. ಎಡಬದಿಯಲ್ಲಿ ಆಡಿದ ಆ ಹುಡುಗಿಗೆ, ಇನ್ನು ಮುಂದೆ ಪ್ರತಿ ವರ್ಷವೂ ಹೀಗೆಯೇ ಇರುವುದೆಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆಕೆಯ ಆಟ ಹೇಗಿತ್ತು? ಅಂದಿನ ಚೆಂಡು ಇಂದಿನಂತೆ ಹಗುರವಾದುದಲ್ಲ. ದಪ್ಪ ತೊಗಲನ್ನು ದಾರದಿಂದ ಬಿಗಿದದ್ದು. ಮಳೆಯ ಕೆಸರಿನಲ್ಲಿ ನೆನೆದರೆ ಕಲ್ಲಿನಂತಾಗುವುದು. ಮೂಲೆಯಿಂದ ಅದನ್ನು ಎತ್ತಿ ಗೋಲಿನ ಮುಂದಕ್ಕೆ ಕಳುಹಿಸುವುದೇ ಹಲವರಿಗೆ ಅಸಾಧ್ಯ. ಲಿಲಿ ಮೈದಾನದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕಳುಹಿಸುತ್ತಿದ್ದಳು. ಆಕೆ ಬಹಳ ಓಡುತ್ತಿರಲಿಲ್ಲವಂತೆ. ಎಲ್ಲಿ ನಿಲ್ಲಬೇಕೋ ಅಲ್ಲಿ ಮೊದಲೇ ನಿಂತಿರುತ್ತಿದ್ದಳು. 1921ರ ಫೆಬ್ರುವರಿಯಲ್ಲಿ ಆನ್‌ಫೀಲ್ಡ್ ಮೈದಾನದಲ್ಲಿ ಬ್ರಿಟನ್ನಿನ ಉಳಿದೆಡೆಗಳಿಂದ ಆಯ್ದ ತಂಡವನ್ನು 9-1ರಿಂದ ಸೋಲಿಸಿದಾಗ ಅದರಲ್ಲಿ ಐದು ಗೋಲು ಲಿಲಿಯವು. ಆ ವರ್ಷದ ಮೇ ತಿಂಗಳಲ್ಲಿ ಫ್ರೆಂಚರು ಮತ್ತೆ ಬಂದಾಗ ಒಂದು ಪಂದ್ಯದಲ್ಲಿ ಇಂಗ್ಲಿಷರು ಹೊಡೆದ ಐದು ಗೋಲುಗಳೂ ಆಕೆಯವೇ. ಗೇಲಿ ಮಾಡಿದ ಒಬ್ಬ ಪುರುಷ ಗೋಲ್‌ಕೀಪರನಿಗೆ, ಆಗಲಿ ಹಿಡಿ ನೋಡೋಣವೆಂದು ಆಕೆ ಒದ್ದ ಚೆಂಡನ್ನು ತಡೆಯಹೋಗಿ ಅವನ ತೋಳಿನ ಮೂಳೆಯೇ ಮುರಿಯಿತೆಂಬ ಕಥೆ ಪ್ರಸಿದ್ಧವಾಗಿದೆ. ದಂತಕಥೆಗಳು ಸುಮ್ಮನೆ ಹುಟ್ಟುವುದಿಲ್ಲ, ಆದರೆ ಬೆಳೆಯುವಾಗ ಸ್ವಲ್ಪ ಕೊಬ್ಬುತ್ತವೆ. ಆದ್ದರಿಂದ ಆ ಮೂಳೆಯ ವಿಚಾರದಲ್ಲಿ ನಾನು ಪ್ರಮಾಣ ಮಾಡಲಾರೆ. ತನ್ನ ಆಟದ ಜೀವನದಲ್ಲಿ ಆಕೆ ಒಟ್ಟು 900ಕ್ಕೂ ಹೆಚ್ಚು ಗೋಲುಗಳನ್ನು ಹೊಡೆದಳೆಂದು ಎಣಿಸುತ್ತಾರೆ.

1921ರಲ್ಲಿ ತಂಡ 67 ಪಂದ್ಯಗಳನ್ನಾಡಿತು. ನೋಡಿದವರು ಸುಮಾರು ಒಂಬತ್ತು ಲಕ್ಷ ಜನ. ದೇಶದಲ್ಲಿ ನೂರಕ್ಕೂ ಮೇಲ್ಪಟ್ಟು ವನಿತಾ ತಂಡಗಳು ಎದ್ದಿದ್ದುವು. ಆ ವರ್ಷದ ಏಪ್ರಿಲಿನಲ್ಲಿ ಗಣಿಯ ಮಾಲೀಕರು ಕೂಲಿ ಕಡಿತಕ್ಕೆ ಒಪ್ಪದ ಗಣಿಗಾರರನ್ನು ಹೊರಗಿಟ್ಟು ಗಣಿಗಳನ್ನು ಮುಚ್ಚಿದರು. ಲ್ಯಾಂಕಷೈರಿನ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ವನಿತಾ ತಂಡಗಳು ಆ ಮಕ್ಕಳ ಹೊಟ್ಟೆಗಾಗಿಯೂ ಆಡಿ ಹಣ ಕೂಡಿಸಿದುವು. ಸೈನಿಕರಿಗಾಗಿ ಆಡಿದಾಗ ಮೆಚ್ಚಿದ ದೊಡ್ಡವರಿಗೆ ಗಣಿಗಾರರಿಗಾಗಿ ಆಡಿದ್ದು ರುಚಿಸಲಿಲ್ಲವೆಂದು ಹೇಳುವ ಚರಿತ್ರಕಾರರಿದ್ದಾರೆ. ನನಗೂ ಅದು ಸತ್ಯಕ್ಕೆ ದೂರವಾಗಿ ತೋರುವುದಿಲ್ಲ. ಪುರುಷರ ಲೀಗ್ ಪಂದ್ಯಗಳಿಗೆ ಬರಬೇಕಾದ ಜನ ಇತ್ತ ಬರುತ್ತಿದ್ದಾರೆಂಬ ಕಸಿವಿಸಿಯೂ ಇದ್ದಿರಬೇಕು.

1921ನೆಯ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಲಂಡನ್ನಿನಲ್ಲಿ ಸಭೆ ಸೇರಿ ಒಂದು ನಿರ್ಣಯವನ್ನು ಮಾಡಿತು. ಕಾಲ್ಚೆಂಡಾಟ ಹೆಂಗಸರಿಗೆ ತಕ್ಕುದಲ್ಲ, ಅದನ್ನು ಪ್ರೋತ್ಸಾಹಿಸಬಾರದು. ಕೂಡಿದ ಹಣದಲ್ಲಿ ಖರ್ಚಿಗೆಂದು ಹೆಚ್ಚು ಹೋಗಿ ಧರ್ಮಕ್ಕೆ ಸಾಕಷ್ಟು ಸಲ್ಲುತ್ತಿಲ್ಲ. ಆದುದರಿಂದ ಸಂಸ್ಥೆಗೆ ಸೇರಿದ ಯಾವ ಕ್ಲಬ್ಬೂ ತನ್ನ ಮೈದಾನವನ್ನು ಹೆಂಗಸರಿಗೆ ಕೊಡಬಾರದು. ಇದು ಅದರ ಸಾರಾಂಶ. ಒಂದು ಹಾಳೆಯ ಕಾಗದ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹಣದ ಆಪಾದನೆಯನ್ನು ಸ್ವಲ್ಪ ವಿಚಾರ ಮಾಡೋಣ. ಲೆಕ್ಕಪತ್ರಗಳಲ್ಲಿ ದೋಷವಿದ್ದರೆ ಲೆಕ್ಕಪರಿಶೋಧಕರನ್ನು ಕಳುಹಿಸಬಹುದಾಗಿತ್ತು. ವ್ಯವಸ್ಥಾಪಕನನ್ನು ಕರೆದು ಕೇಳಬಹುದಾಗಿತ್ತು. ಒಬ್ಬ ವ್ಯವಸ್ಥಾಪಕನ ಖರ್ಚಿನ ಪುಸ್ತಕಕ್ಕಾಗಿ ದೇಶದ ಹೆಂಗಸರಿಗೆಲ್ಲ ಮೈದಾನ ಮುಚ್ಚುವುದು ಯಾವ ತರ್ಕಶಾಸ್ತ್ರವೋ ನಮ್ಮ ತರ್ಕಶಾಸ್ತ್ರದ ಉಪನ್ಯಾಸಕರೇ ಹೇಳಬೇಕು. ಇನ್ನು ಶರೀರಕ್ಕೆ ಅಪಾಯವೆಂಬ ಮಾತು. ಇದಕ್ಕೆ ವೈದ್ಯರ ಬೆಂಬಲವಿತ್ತು. ಅವರಲ್ಲಿ ಒಬ್ಬರು ಡಾಕ್ಟರ್ ಮೇರಿ ಷಾರ್ಲೀಬ್ ಎಂಬ ಮಹಿಳೆ. ಈ ಆಟ ಹೆಣ್ಣಿನ ದೇಹಕ್ಕೆ ಅತಿ ಭಾರವೆಂದು ಅವರು ಅಭಿಪ್ರಾಯಪಟ್ಟರು. ಈ ಹೆಸರನ್ನು ಕಂಡಾಗ ನಾನು ಬೆರಗಾದೆ. ಏಕೆಂದರೆ ನಮ್ಮ ಮದರಾಸಿನ ಮೆಡಿಕಲ್ ಕಾಲೇಜಿಗೆ 1875ರಲ್ಲಿ ಸೇರಿದ ಮೊತ್ತಮೊದಲ ನಾಲ್ವರು ವಿದ್ಯಾರ್ಥಿನಿಯರಲ್ಲಿ ಈಕೆ ಒಬ್ಬರು. ಪರದೆಯ ಹೆಂಗಸರಿಗಾಗಿ ಅದೇ ಊರಿನಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದವರು. ಹೆಣ್ಣಿಗೆ ವೈದ್ಯಶಾಸ್ತ್ರ ಅತಿ ಭಾರವೆಂದು ಆಗ ಅವರಿಗೂ ಹೇಳಿದವರಿದ್ದಿರಬೇಕಲ್ಲವೆ! ಒಂದು ಬಾಗಿಲನ್ನು ಒದ್ದು ತೆರೆದವರೇ ಪಕ್ಕದ ಬಾಗಿಲಿಗೆ ಅಗುಳಿ ಹಾಕಲು ಕೈ ನೀಡಿದರು. ಅವರ ಹಿರಿಮೆಯನ್ನು ಇದರಿಂದ ನಾನು ಕಡಮೆ ಮಾಡುತ್ತಿಲ್ಲ. ಮನುಷ್ಯಸ್ವಭಾವ ಹೀಗೂ ಇರುತ್ತದೆ.

ನಿಷೇಧ ಬಂದಾಗ ಲಿಲಿಗೆ ಹದಿನಾರು ವರ್ಷ. ಆಟವಾಡುವುದೇ ಅಪರಾಧವೆಂದು ಯಾರೂ ಹೇಳಿರಲಿಲ್ಲ. ಆಡಲು ಸ್ಥಳವಿಲ್ಲದಂತೆ ಮಾಡಿದ್ದರು, ಅಷ್ಟೆ. ಪರವಾನಗಿ ಪಡೆದ ತೀರ್ಪುಗಾರರೂ ದೂರವಾದರು. ಉಳಿದದ್ದು ರಗ್ಬಿಯ ಬಯಲುಗಳು, ಊರ ಉದ್ಯಾನಗಳು, ಪ್ರೆಸ್ಟನ್ನಿನಲ್ಲಿ ಕಂಪೆನಿಯದೇ ಆದ ಆಷ್ಟನ್ ಪಾರ್ಕ್. ಎಷ್ಟೋ ತಂಡಗಳು ಒಂದೆರಡು ವರ್ಷಗಳಲ್ಲಿ ಕರಗಿಹೋದುವು. ಐವತ್ತು ಸಾವಿರ ಜನರ ಮುಂದೆ ಆಡಿದವರು ಐನೂರು ಸಾವಿರ ಜನರ ಮುಂದೆ ಆಡಲು ಮನಸ್ಸನ್ನು ಒಗ್ಗಿಸಿಕೊಳ್ಳಬೇಕಾಯಿತು.

ಮರುವರ್ಷ, 1922ರ ಸೆಪ್ಟೆಂಬರಿನಲ್ಲಿ, ಫ್ರಾಂಕ್ಲೆಂಡ್ ತಂಡವನ್ನು ಹಡಗು ಹತ್ತಿಸಿ ಅಟ್ಲಾಂಟಿಕ್ ಸಾಗರವನ್ನು ದಾಟಿಸಿದನು. ಸ್ವದೇಶದಲ್ಲಿ ಇಲ್ಲದ್ದು ಪರದೇಶದಲ್ಲಿ ಸಿಕ್ಕೀತೆಂಬ ಆಸೆ. ಕ್ವಿಬೆಕ್ ಬಂದರಿನಲ್ಲಿ ಇಳಿದೊಡನೆ ತಿಳಿದದ್ದೇನೆಂದರೆ, ಕೆನಡಾದ ಸಂಸ್ಥೆಯೂ ಅವರಿಗೆ ಆಡಲು ಅನುಮತಿ ಕೊಡುವುದಿಲ್ಲವೆಂದು. ಕಾಗದ ಹಡಗಿಗಿಂತ ವೇಗವಾಗಿ ಸಾಗರ ದಾಟಿತ್ತು! ಅಲ್ಲಿಂದ ಅಮೆರಿಕಕ್ಕೆ ಬಂದರು. ಅಲ್ಲಿ ಎದುರಿಗೆ ನಿಂತದ್ದು ಹೆಂಗಸರ ತಂಡಗಳಲ್ಲ, ಗಂಡಸರವು. ಕೆಲವಂತೂ ಹಣಕ್ಕಾಗಿ ಆಡುವ ವೃತ್ತಿಪರ ತಂಡಗಳು. ಹಿಂದೆ ಸರಿಯಬಹುದಾಗಿತ್ತು. ಅವರು ಸರಿಯಲಿಲ್ಲ. ಒಂಬತ್ತು ಪಂದ್ಯಗಳನ್ನಾಡಿ ಮೂರನ್ನು ಗೆದ್ದು, ಮೂರನ್ನು ಸಮ ಮಾಡಿ, ಮೂರನ್ನು ಸೋತರು. ಗೋಲನ್ನು ಕಾಯುತ್ತಿದ್ದವಳು ಫ್ರಾನ್ಸಿನ ಕಾರ್ಮೆನ್ ಪೊಮಿಯೆಸ್; ಎದುರಾಳಿಗಳಾಗಿ ಪರಿಚಯವಾದವರು ಒಂದೇ ತಂಡವಾಗಿ ಹೋಗಿದ್ದರು. ಹದಿನೇಳರ ಲಿಲಿಯ ಹೊಡೆತ ಅಮೆರಿಕದ ಪತ್ರಿಕೆಗಳ ಗಮನಕ್ಕೂ ಬಂದಿತು. ವಿದೇಶದಲ್ಲಿ ಗಂಡಸರೊಡನೆ ಸರಿಸಮನಾಗಿ ಆಡಿ ಬಂದವರಿಗೆ ತಮ್ಮೂರಿನ ಡೀಪ್‌ಡೇಲ್ ಮೈದಾನಕ್ಕೆ ಮಾತ್ರ ಪ್ರವೇಶವಿರಲಿಲ್ಲ.

ಅನಂತರದ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಡಿಕ್ ಕೆರ್ ಕಾರ್ಖಾನೆ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಗೆ ಸೇರಿತ್ತು. 1926ರಲ್ಲಿ ಫ್ರಾಂಕ್ಲೆಂಡನಿಗೂ ಕಂಪೆನಿಗೂ ವಿರಸ ಬಂದು ಸಂಬಂಧ ಕಡಿಯಿತು. ತಂಡದ ಹೆಸರು ಪ್ರೆಸ್ಟನ್ ಲೇಡೀಸ್ ಎಂದಾಯಿತು. ಜನ ಮಾತ್ರ ಕೊನೆಯವರೆಗೂ ಡಿಕ್ ಕೆರ್ ಎಂದೇ ಕರೆದರು. ತಂಡದ ಹಲವರಿಗೆ ಪ್ರೆಸ್ಟನ್ನಿನ ಹತ್ತಿರದ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ಉದ್ಯೋಗ ಸಿಕ್ಕಿತು. ಲಿಲಿಯೂ ಅಲ್ಲಿ ದಾದಿಯ ತರಬೇತಿ ಪಡೆದು ನಿವೃತ್ತಳಾಗುವವರೆಗೂ ಅಲ್ಲಿಯೇ ಇದ್ದಳು. ವಾರವೆಲ್ಲ ಬುದ್ಧಿ ಕದಡಿದ ರೋಗಿಗಳ ಶುಶ್ರೂಷೆ. ಶನಿವಾರ ಭಾನುವಾರ ಆಟ. ಅದೇ ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬ ಸಹೋದ್ಯೋಗಿ ಮಹಿಳೆಯೇ ಆಕೆಯ ಬಾಳಸಂಗಾತಿಯಾದಳು. ಇಬ್ಬರೂ ಗೂಸ್ನರ್ ಎಂಬ ಹಳ್ಳಿಯಲ್ಲಿ ಮನೆ ಮಾಡಿಕೊಂಡು ಕೊನೆಯವರೆಗೂ ಜೊತೆಯಾಗಿ ಬಾಳಿದರು. ಆ ಕಾಲದಲ್ಲಿ ಹಾಗೆ ಬಾಳುವುದು ಸುಲಭವಾಗಿರಲಿಲ್ಲ. ಲಿಲಿ ಅದನ್ನು ಮುಚ್ಚಿಡಲೂ ಇಲ್ಲ, ಸಾರುತ್ತ ತಿರುಗಲೂ ಇಲ್ಲ.

ಲಿಲಿ ಮಿತಭಾಷಿ, ಆದರೆ ಬಾಯಿ ತೆರೆದರೆ ತಮಾಷೆ. ಆಟಗಾರ್ತಿಯರೆಲ್ಲ ವಯಸ್ಸಾಗುತ್ತಿದ್ದ ಕಾಲದಲ್ಲಿ ಒಮ್ಮೆ ಉಡುಪಿನ ಕೊಠಡಿಗೆ ಬಂದು ನೋಡುತ್ತಾಳೆ: ಒಬ್ಬಳು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಳೆ, ಇನ್ನೊಬ್ಬಳು ಹರಡಿಗೆ, ಮತ್ತೊಬ್ಬಳು ತೊಡೆಗೆ ಮುಲಾಮು ತಿಕ್ಕುತ್ತಿದ್ದಾಳೆ. ಇದು ಕಾಲ್ಚೆಂಡಿನ ತಂಡವೋ, ಇಲ್ಲವೆ ಲೂರ್ದಿಗೆ ಹೊರಟ ಯಾತ್ರೆಯೋ ಎಂದು ಆಕೆ ಗೊಣಗಿದಳಂತೆ. ಲೂರ್ದ್ ಫ್ರಾನ್ಸಿನಲ್ಲಿರುವ ಕ್ಯಾಥೊಲಿಕರ ಕ್ಷೇತ್ರ. ಕುಂಟರು, ರೋಗಿಗಳು ಹರಕೆ ಹೊತ್ತು ಹೋಗುವ ಸ್ಥಳ.

1937ರ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಒಂದು ಪಂದ್ಯ ನಡೆಯಿತು. ಎದುರಾಳಿ ಎಡಿನ್‌ಬರೋ ನಗರದ ತಂಡ. ಗ್ರೇಟ್ ಬ್ರಿಟನ್ನಿನ ಮತ್ತು ಪ್ರಪಂಚದ ಚಾಂಪಿಯನ್ ಪದವಿಗೆಂದು ಅದನ್ನು ಪ್ರಕಟಿಸಿದ್ದರು. ಪ್ರೆಸ್ಟನ್ನಿನವರು 5-1ರಿಂದ ಗೆದ್ದರು. ಎರಡೇ ತಂಡಗಳ ಪ್ರಪಂಚ! ಓದಿದಾಗ ಮೊದಲು ನಗು ಬರುವುದು ಸಹಜ. ನನಗೂ ಬಂದಿತು. ಆದರೆ ಯೋಚಿಸಿ ನೋಡಿದರೆ ಬೇರೆ ಯಾರನ್ನು ಅವರು ಕರೆಯಬಹುದಾಗಿತ್ತು? ಇದ್ದ ತಂಡಗಳನ್ನು ಒಣಗಿಸಿದವರು ಬೇರೆಯವರು. ಯಾವ ಸಂಸ್ಥೆಯೂ ಕಪ್ಪನ್ನು ಕೊಡದಿದ್ದರೆ ತಾವೇ ಒಂದನ್ನು ಇಟ್ಟು ಆಡಿದರು. ಲಿಲಿ ಪಾರ್ ಆಡಿದ ಕಾಲದಲ್ಲಿ ವಿಶ್ವಚಾಂಪಿಯನ್ ಎಂಬ ಮಾತು ಆಕೆಯ ಆಟದ ಹತ್ತಿರ ಬಂದದ್ದು ಇಷ್ಟೆ.

ಎರಡನೆಯ ಮಹಾಯುದ್ಧದಲ್ಲಿ ಆಟ ನಿಂತಿತು. 1946ರಲ್ಲಿ ಮತ್ತೆ ಸೇರಿದಾಗ ಲಿಲಿಯನ್ನೇ ನಾಯಕಿಯನ್ನಾಗಿ ಮಾಡಿದರು. ಆಗ ವಯಸ್ಸು 41. 1951ರಲ್ಲಿ ಆಟದಿಂದ ನಿವೃತ್ತಳಾದಳು. ಮೂವತ್ತೊಂದು ವರ್ಷ! ನಮ್ಮ ಕಾಲೇಜಿನ ತಂಡದಲ್ಲಿ ಮೂರು ವರ್ಷ ಆಡಿದವರೇ ಹಿರಿಯರೆನಿಸಿಕೊಳ್ಳುತ್ತಾರೆ. ತಂಡ ಇನ್ನೂ ಕೆಲವು ವರ್ಷ ಕುಂಟುತ್ತ ನಡೆದು, ಹುಡುಗಿಯರು ಸಾಲದೆ 1965ರಲ್ಲಿ ಮುಚ್ಚಿತು. ಒಟ್ಟು 833 ಪಂದ್ಯಗಳಲ್ಲಿ 759 ಗೆಲುವು, 46 ಸಮ, ಸೋಲು ಕೇವಲ 28 ಎಂಬುದು ಅದರ ದಾಖಲೆ.

ಇಂಗ್ಲೆಂಡಿನ ನಿರ್ಣಯ ಏಕಾಕಿಯೂ ಆಗಿರಲಿಲ್ಲ. ಬ್ರೆಜಿಲಿನಲ್ಲಿ 1941ರಿಂದ 1979ರವರೆಗೆ ಹೆಂಗಸರ ಕಾಲ್ಚೆಂಡಾಟಕ್ಕೆ ಸರಕಾರದ್ದೇ ನಿಷೇಧವಿತ್ತು. ಪಶ್ಚಿಮ ಜರ್ಮನಿಯ ಸಂಸ್ಥೆ 1955ರಲ್ಲಿ ಮೈದಾನಗಳನ್ನು ಮುಚ್ಚಿ 1970ರಲ್ಲಿ ತೆರೆಯಿತು. ಇಂಗ್ಲೆಂಡಿನಲ್ಲಿ ನಿಷೇಧ ಹೋದದ್ದು 1970-71ರ ಸುಮಾರಿಗೆ, ಅರ್ಧ ಶತಮಾನ ಕಳೆದ ಮೇಲೆ. ಅದೇ ಕಾಲದಲ್ಲಿ ದೊಡ್ಡ ಸಂಸ್ಥೆಗಳ ಹಂಗಿಲ್ಲದೆ, ವ್ಯಾಪಾರಿಗಳ ಸಹಾಯದಿಂದ, 1970ರಲ್ಲಿ ಇಟಲಿಯಲ್ಲಿಯೂ 1971ರಲ್ಲಿ ಮೆಕ್ಸಿಕೊದಲ್ಲಿಯೂ ಹೆಂಗಸರ ವಿಶ್ವ ಪಂದ್ಯಾವಳಿಗಳು ನಡೆದುವು. ಎರಡನ್ನೂ ಡೆನ್ಮಾರ್ಕ್ ಗೆದ್ದಿತು. ಮೆಕ್ಸಿಕೊ ನಗರದ ಆಸ್ಟೆಕಾ ಕ್ರೀಡಾಂಗಣದ ಅಂತಿಮ ಪಂದ್ಯದಲ್ಲಿ ಸುಮಾರು 1,10,000 ಜನರ ಮುಂದೆ, ಸುಸಾನ್ ಆಗುಸ್ಟೆಸೆನ್ ಎಂಬ ಹದಿನೈದರ ಹುಡುಗಿ ಮೂರು ಗೋಲು ಹೊಡೆದಳು. ಹದಿನೈದು ವರ್ಷ! ಗುಡಿಸನ್ ಪಾರ್ಕಿನಲ್ಲಿ ಲಿಲಿಗಿದ್ದ ವಯಸ್ಸು. ಇಂಗ್ಲೆಂಡಿನಿಂದಲೂ ಹ್ಯಾರಿ ಬ್ಯಾಟ್ ಎಂಬಾತ ಒಂದು ತರುಣ ತಂಡವನ್ನು ಕೊಂಡೊಯ್ದಿದ್ದನು. ಮರಳಿ ಬಂದಾಗ ಆಟಗಾರ್ತಿಯರಿಗೆ ದೊರೆತದ್ದು ಸನ್ಮಾನವಲ್ಲ, ಅಮಾನತು. ನಮ್ಮ ದೇಶದಲ್ಲಿ ಏಷ್ಯಾ ಖಂಡದ ವನಿತೆಯರ ಚಾಂಪಿಯನ್ ಪಂದ್ಯಾವಳಿ 1980ರ ಜನವರಿಯಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಡೆದು, ಭಾರತದವರು ಅಂತಿಮ ಪಂದ್ಯದಲ್ಲಿ ತೈವಾನಿಗೆ ಸೋತು ದ್ವಿತೀಯ ಸ್ಥಾನವನ್ನು ಪಡೆದರೆಂಬುದನ್ನೂ ಇಲ್ಲಿ ಸೇರಿಸುತ್ತೇನೆ. ನಮ್ಮಲ್ಲಿ ಇದನ್ನು ಬಲ್ಲವರು ಕಡಮೆ. ವಿಶ್ವಸಂಸ್ಥೆಯಾದ ಫಿಫಾ ಕೊನೆಗೂ 1991ರಲ್ಲಿ ಚೀನಾದಲ್ಲಿ ಪಂದ್ಯಾವಳಿಯನ್ನು ನಡೆಸಿದಾಗ, ವಿಶ್ವಕಪ್ಪೆಂಬ ಹೆಸರನ್ನು ಆಗಲೇ ಕೊಡಲು ಹಿಂಜರಿಯಿತು. ಪಂದ್ಯದ ಅವಧಿಯನ್ನು 80 ನಿಮಿಷಕ್ಕೆ ಇಳಿಸಿತು. ಹೆಂಗಸರು ದಣಿದಾರೆಂಬ ಚಿಂತೆ ಇನ್ನೂ ಉಳಿದಿತ್ತೆಂದು ಕಾಣುತ್ತದೆ!

ಇದಾವುದನ್ನೂ ಲಿಲಿ ಆಡಲಿಲ್ಲ. 1967ರಲ್ಲಿ ಆಕೆಗೆ ಸ್ತನದ ಅರ್ಬುದ ರೋಗವೆಂದು ಗೊತ್ತಾಗಿ ಶಸ್ತ್ರಚಿಕಿತ್ಸೆಯಾಯಿತು. ಅದನ್ನೂ ಜಯಿಸಿ ಹನ್ನೊಂದು ವರ್ಷ ಬದುಕಿದಳು. ಇಂಗ್ಲೆಂಡಿನ ಮೊದಲ ಅಧಿಕೃತ ವನಿತಾ ತಂಡ 1972ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ಕಿನಲ್ಲಿ ಆಡಿ 3-2ರಿಂದ ಗೆದ್ದಾಗ ಲಿಲಿಗೆ 67 ವರ್ಷ. 1978ನೆಯ ಮೇ 24ರಂದು ಗೂಸ್ನರಿನ ತನ್ನ ಮನೆಯಲ್ಲಿ ತೀರಿಕೊಂಡಳು. ಹುಟ್ಟಿದ ಊರಾದ ಸೇಂಟ್ ಹೆಲೆನ್ಸಿನಲ್ಲಿ ಮಣ್ಣು ಮಾಡಿದರು.

2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಕಾಲ್ಚೆಂಡಾಟದ ವಸ್ತುಸಂಗ್ರಹಾಲಯವು ತನ್ನ ಕೀರ್ತಿಮಂದಿರಕ್ಕೆ ಆಕೆಯ ಹೆಸರನ್ನು ಸೇರಿಸಿತು. ಸ್ತ್ರೀಯರಲ್ಲಿ ಆಕೆಯೇ ಮೊದಲಿಗಳು. 2019ರ ಜೂನಿನಲ್ಲಿ ಮ್ಯಾಂಚೆಸ್ಟರಿನ ಅದೇ ಸಂಗ್ರಹಾಲಯದಲ್ಲಿ ಹ್ಯಾನಾ ಸ್ಟೀವರ್ಟ್ ಎಂಬ ಶಿಲ್ಪಿ ಮಾಡಿದ ಲಿಲಿಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಗುಡಿಸನ್ ಪಾರ್ಕಿನ 53,000 ಜನರ ಸಂಖ್ಯೆಯನ್ನು ಬ್ರಿಟನ್ನಿನಲ್ಲಿ ಹೆಂಗಸರ ಪಂದ್ಯವೊಂದು ಮೀರಿದ್ದು 2012ರ ಜುಲೈ 31ರಂದು, ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಗ್ರೇಟ್ ಬ್ರಿಟನ್ ಮತ್ತು ಬ್ರೆಜಿಲ್ ವೆಂಬ್ಲಿಯಲ್ಲಿ ಎದುರಾದಾಗ. ಅಂದು ಒಳಗಿದ್ದವರು 70,584 ಮಂದಿ. ನಡುವೆ 92 ವರ್ಷ ಕಳೆದಿತ್ತು.